ಒಂದು ಡಬ್ಬಕ್ಕೆ ಎಷ್ಟು ಕೈ

ರಟ್ಟಿನ ಮೇಲೆ ಮಡಿಕೆಯ ಗೆರೆ ಎಳೆಯುವುದಕ್ಕೆ ಚಾಕು ಬೇಡ, ಚಮಚದ ಹಿಡಿ ಸಾಕು. ಅಡಿಕೋಲನ್ನು ಎಡಗೈಯಿಂದ ಅದುಮಿ, ಬಲಗೈಯಲ್ಲಿ ಚಮಚವನ್ನು ತಲೆಕೆಳಗು ಮಾಡಿ ಹಿಡಿದು, ಒಂದೇ ಉಸಿರಿನಲ್ಲಿ ಎಳೆದುಬಿಡಬೇಕು. ನಡುವೆ ನಿಂತರೆ ಮಡಿಕೆ ಅಲ್ಲೇ ಸೊಟ್ಟಗಾಗುತ್ತದೆ. ಅಳತೆಯಕ್ಕ ಆ ಬೆಳಿಗ್ಗೆ ಗೆರೆಯ ನಟ್ಟನಡುವೆ ನಿಂತುಬಿಟ್ಟಳು.

“ಐದು ಎಕ್ಸ್ ವರ್ಗ ವೈ,” ಅಂದಳು ತನ್ನಷ್ಟಕ್ಕೆ ತಾನೇ. “ಎರಡು. ಅಲ್ಲ, ಮೂರಂತೆ. ಎಲ್ಲಿಂದ ಬಂತು ಮೂರು?”

ಮೇಜಿನ ಆಚೆ ಬದಿಯಲ್ಲಿ ಬಟ್ಟಲಿಗೆ ಕುಂಚ ಅದ್ದುತ್ತಿದ್ದ ಗೋಂದಮ್ಮ ಕತ್ತೆತ್ತಿ ನೋಡಿದಳು.

“ಅಕ್ಕ, ರಟ್ಟಿನ ಹತ್ರ ಮಾತಾಡ್ತಿದ್ದೀರಾ? ಅದೇನಾದ್ರೂ ತಿರುಗಿ ಉತ್ತರ ಕೊಟ್ರೆ ಮೊದಲೇ ಹೇಳ್ಬಿಡಿ, ನಾನು ಓಡೋದಕ್ಕೆ ಚಪ್ಪಲಿ ಹಾಕ್ಕೊಂಡಿರ್ತೀನಿ.”

“ಲೆಕ್ಕ ಮಾಡ್ತಿದ್ದೀನಿ, ಸುಮ್ನಿರು ತಾಯಿ.”

“ಲೆಕ್ಕ ಆಮೇಲೆ. ಆ ಗೆರೆ ನೋಡಿ, ಹೊಟ್ಟೆ ನೋವು ಬಂದೋರ ಹಾಗೆ ಬಗ್ಗಿದೆ.”

ನಿಜವೇ. ಅಳತೆಯಕ್ಕ ನಾಲಿಗೆ ಕಚ್ಚಿಕೊಂಡು ಆ ರಟ್ಟನ್ನು ಪಕ್ಕಕ್ಕೆ ಸರಿಸಿ ಇನ್ನೊಂದನ್ನು ಎಳೆದುಕೊಂಡಳು.

ಇಬ್ಬರೂ ಓರಗಿತ್ತಿಯರು. ಅಣ್ಣನನ್ನು ಮದುವೆಯಾದವಳು ಹಿರಿಯಳು, ತಮ್ಮನನ್ನು ಮದುವೆಯಾದವಳು ಕಿರಿಯಳು. ಮನೆಯ ಕೆಳಗಿನ ಉದ್ದನೆಯ ಕೋಣೆಯೇ ಅವರ ಡಬ್ಬದ ಕಾರ್ಖಾನೆ. ಅಣ್ಣ ರಟ್ಟು ಕತ್ತರಿಸುವ ಯಂತ್ರದ ಮುಂದೆ, ತಮ್ಮ ಸರಕಿನ ಗಾಡಿಯ ಮೇಲೆ, ಹೆಂಗಸರಿಬ್ಬರು ಮೇಜಿನ ಎರಡು ಬದಿಗೆ. ಚಪ್ಪಲಿ ಡಬ್ಬ, ಬಲ್ಬಿನ ಡಬ್ಬ, ಕನ್ನಡಕದ ಡಬ್ಬ, ಗಾಜಿನ ಲೋಟ ಕೂರಿಸುವ ಗೂಡುಗೂಡಿನ ಡಬ್ಬ, ಯಾರಿಗೆ ಯಾವುದು ಬೇಕೋ ಅದು. ಅಳತೆ ಗುರುತು ಹಾಕುವವಳಿಗೆ ಅಳತೆಯಕ್ಕ, ಗೋಂದು ಕುದಿಸಿ ಬಳಿಯುವವಳಿಗೆ ಗೋಂದಮ್ಮ ಎಂದು ಹೆಸರಿಟ್ಟವನು ಗೋಂದಮ್ಮನ ಗಂಡನೇ. ಇಬ್ಬರಿಗೂ ಸಿಟ್ಟು ಬರಲಿ ಎಂದು ಇಟ್ಟದ್ದು. ಇಬ್ಬರಿಗೂ ಬರಲಿಲ್ಲ, ಹಾಗಾಗಿ ಹೆಸರು ಉಳಿದುಕೊಂಡಿತು.

“ಟೀಚರಮ್ಮಂಗೆ ಕಾಗದ ಹಾಕಿದ್ರಾ?” ಗೋಂದಮ್ಮ ಕೇಳಿದಳು.

“ಹಾಕ್ತೀನಿ.”

“ಹೋದ ತಿಂಗಳೂ ಹಾಕ್ತೀನಿ, ಈ ತಿಂಗಳೂ ಹಾಕ್ತೀನಿ. ಅಷ್ಟು ಚೆನ್ನಾಗಿ ಓದು ಕಲ್ತು ಕೊನೆಗೆ ಒಂದು ಹೂಂ ಅನ್ನೋದು ಬರಲ್ವಾ ನಿಮಗೆ?”

ಟೀಚರಮ್ಮ ಎಂದರೆ ಗ್ರಂಥಾಲಯದ ಮಹಡಿಯ ಮೇಲೆ ಸಂಜೆ ಶಾಲೆ ನಡೆಸುತ್ತಿದ್ದವರು. ಹಗಲೆಲ್ಲ ದುಡಿಯುವವರು ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಬಂದು ಕೂರುತ್ತಿದ್ದರು. ಮಕ್ಕಳು ತಮ್ಮ ತಮ್ಮ ಸಂಸಾರ ನೋಡಿಕೊಂಡ ಮೇಲೆ ಅಳತೆಯಕ್ಕನೂ ಒಂದು ಸಂಜೆ ಆ ಮೆಟ್ಟಿಲು ಹತ್ತಿದ್ದಳು. ಅಂಕಿ ಗೊತ್ತಿತ್ತು, ಅಕ್ಷರ ಗೊತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ ಕೂತವಳ ಕೈ ಹಿಡಿದು ಟೀಚರಮ್ಮ ಅಕ್ಷರ ತಿದ್ದಿಸಿದರು. ಅಲ್ಲಿಂದ ಬೆಂಚಿನಿಂದ ಬೆಂಚಿಗೆ ಹಿಂದಕ್ಕೆ ಸರಿಯುತ್ತ, ಅಂದರೆ ಓದಿನಲ್ಲಿ ಮುಂದಕ್ಕೆ ಹೋಗುತ್ತ, ಅವಳು ಬೀಜಗಣಿತದ ತನಕ ಬಂದಿದ್ದಳು. ಅಷ್ಟರಲ್ಲಿ ಟೀಚರಮ್ಮನ ಮಂಡಿ ಕೈಕೊಟ್ಟಿತು. ಮೆಟ್ಟಿಲು ಹತ್ತಲಾಗದೆ ಬೇರೆ ಊರಿನ ಮಗಳ ಮನೆಗೆ ಹೋದರು. ಹೋಗಿ ಸ್ವಲ್ಪ ಕಾಲದ ಮೇಲೆ ಅಲ್ಲಿಂದ ಒಂದು ಕಾಗದ ಬರೆದರು.

“ನಮ್ಮ ಸಂಜೆ ಶಾಲೆಗೆ ಹೊಸದಾಗಿ ಬರುವವರನ್ನು ಮೊದಲ ಬೆಂಚಿನಲ್ಲಿ ಕೂರಿಸಿಕೊಂಡು ಕಲಿಸಲು ಒಬ್ಬರು ಬೇಕಾಗಿದ್ದಾರೆ. ಅಕ್ಷರದಿಂದ ಹಿಡಿದು ಬೀಜಗಣಿತದ ಮೊದಲ ಪಾಠಗಳ ತನಕ. ಯಾರಾದರೂ ಇದ್ದರೆ ಹೇಳಿ ಎಂದು ಸಮಿತಿಯವರು ನನ್ನನ್ನು ಕೇಳಿದ್ದಾರೆ. ನಿನ್ನ ಹೆಸರು ಹೇಳಲೇ?”

ಅದನ್ನು ಓದಿದ ದಿನ ಅಳತೆಯಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಂಗಾರದ ಮೇಲೆ ಅವಳಿಗೆ ಆಸೆ ಇರಲಿಲ್ಲ, ಊರು ಸುತ್ತುವ ಆಸೆಯೂ ಇರಲಿಲ್ಲ. ಆದರೆ ಆ ಮೊದಲ ಬೆಂಚಿನ ಎದುರು ನಿಂತು, ನಡುಗುವ ಒಂದು ಕೈಯನ್ನು ಹಿಡಿದು ‘ಹೀಗೆ ಬರಿ’ ಅನ್ನಬೇಕು ಎಂಬ ಆಸೆ ಹೊಟ್ಟೆಯೊಳಗಿಂದ ಎದ್ದು ಬಂತು. ಆ ಗಳಿಗೆಯಲ್ಲೇ ಕಾಗದ ಬರೆದುಬಿಡುತ್ತಿದ್ದಳು. ಆದರೆ ‘ಬೀಜಗಣಿತದ ಮೊದಲ ಪಾಠಗಳ ತನಕ’ ಎಂಬ ಮಾತು ಕೈ ಹಿಡಿದು ನಿಲ್ಲಿಸಿತು. ಯಾಕೆಂದರೆ ಆ ಮೊದಲ ಪಾಠಗಳಲ್ಲೇ ಒಂದು ಅವಳ ತಲೆಗೆ ಎಳ್ಳಷ್ಟೂ ಹತ್ತಿರಲಿಲ್ಲ.

ಟೀಚರಮ್ಮನ ಜಾಗಕ್ಕೆ ಬಂದಿದ್ದ ಹೊಸ ಮೇಷ್ಟ್ರು ಚಿಕ್ಕ ವಯಸ್ಸಿನವರು. ತಾಳ್ಮೆಗೆ ಕೊರತೆ ಇಲ್ಲ, ಸೀಮೆಸುಣ್ಣಕ್ಕೂ ಕೊರತೆ ಇಲ್ಲ. ಮಾತಾಡುತ್ತ ಮಾತಾಡುತ್ತ ತಮ್ಮ ಅಂಗಿಗೇ ಬಳಿದುಕೊಳ್ಳುತ್ತಿದ್ದರು. ಅವರು ಒಂದು ಸಂಜೆ ಬೋರ್ಡಿನ ಮೇಲೆ 5x²y ಎಂದು ಬರೆದು ತಿರುಗಿದರು.

“ಇದು ಏಕಪದೋಕ್ತಿ. ಒಂದೇ ಪದ. ಮಧ್ಯೆ ಕೂಡೋ ಗುರುತಿಲ್ಲ, ಕಳೆಯೋ ಗುರುತಿಲ್ಲ. ಇದರ ಡಿಗ್ರಿ ಎಷ್ಟು? ಅಮ್ಮ, ನೀವು ಹೇಳಿ.”

“ಏಳು,” ಅಂದಳು ಅಳತೆಯಕ್ಕ. ಕಂಡ ಅಂಕಿಗಳೆರಡು, ಐದು ಮತ್ತು ಎರಡು. ಕೂಡಿದ್ದಳು.

“ಆ ಐದನ್ನ ಬಿಟ್ಬಿಡಿ. ಅದು ಸಹಗುಣಕ. ಅಂಥವು ಎಷ್ಟಿವೆ ಅಂತ ಹೇಳುತ್ತೆ, ಅಷ್ಟೇ ಅದರ ಕೆಲಸ. ಡಿಗ್ರಿ ಬೇಕು ಅಂದ್ರೆ ಅಕ್ಷರಗಳ ಹೆಗಲ ಮೇಲೆ ಕೂತಿರೋ ಅಂಕಿಗಳನ್ನ ಮಾತ್ರ ಕೂಡಬೇಕು.”

ಇದು ಅವಳಿಗೆ ತಟ್ಟನೆ ಹೊಳೆಯಿತು. ನಲವತ್ತು ಡಬ್ಬ ಮಾಡಿದರೂ ನಾನೂರು ಮಾಡಿದರೂ ಒಂದು ಡಬ್ಬದ ಅಳತೆ ಬದಲಾಗುವುದಿಲ್ಲವಲ್ಲ! ಎಷ್ಟು ಎನ್ನುವುದು ಬೇರೆ, ಎಂಥದು ಎನ್ನುವುದು ಬೇರೆ. ಆ ತಪ್ಪು ಅವಳು ಮತ್ತೆ ಮಾಡಲಿಲ್ಲ.

“ಹಾಗಾದ್ರೆ ಎರಡು.”

“ವೈ ಎಲ್ಲಿ ಹೋಯ್ತಮ್ಮ?”

“ಅದರ ಹೆಗಲು ಖಾಲಿ ಇದೆಯಲ್ಲ ಮೇಷ್ಟ್ರೇ.”

“ಖಾಲಿ ಇದ್ರೆ ಅಲ್ಲಿ ಒಂದು ಇದೆ ಅಂತ ತಿಳ್ಕೊಳ್ಬೇಕು. ಎರಡು, ಒಂದು, ಮೂರು. ಡಿಗ್ರಿ ಮೂರು.”

‘ತಿಳ್ಕೊಳ್ಬೇಕು’! ಅಳತೆಯಕ್ಕ ಬರೆಯುತ್ತಿದ್ದ ಪೆನ್ಸಿಲ್ ಕೆಳಗಿಟ್ಟಳು. ಅವರ ಕಾರ್ಖಾನೆಯಲ್ಲಿ ಬೈಗುಳವನ್ನಾದರೂ ಆಡಬಹುದಿತ್ತು, ಆ ಒಂದು ಮಾತನ್ನು ಆಡುವಂತಿರಲಿಲ್ಲ.

ಅದಕ್ಕೊಂದು ಕಾರಣವಿತ್ತು. ಗಿರಾಕಿಗಳು ತರುವ ಅಚ್ಚಿನ ಚೀಟಿಯಲ್ಲಿ ಮೂರು ಚೌಕ: ಉದ್ದ, ಅಗಲ, ಎತ್ತರ. ಬಹಳ ಹಿಂದೆ, ಅವಳು ಇನ್ನೂ ಆ ಮನೆಗೆ ಸೊಸೆಯಾಗಿ ಬಂದಿರದಾಗ, ಗಾಜಿನ ವ್ಯಾಪಾರಿಯೊಬ್ಬ ಎತ್ತರದ ಚೌಕವನ್ನು ಖಾಲಿ ಬಿಟ್ಟು ಚೀಟಿ ಕೊಟ್ಟುಹೋದ. ಮಾವನವರು ‘ಪಾಪ, ಮರೆತಿದ್ದಾನೆ, ಎಂದಿನಂತೆ ಇರಲಿ’ ಎಂದು ತಿಳಿದುಕೊಂಡು ಒಂದು ಗಾಡಿ ಡಬ್ಬ ಮಾಡಿಟ್ಟರು. ಆತನಿಗೆ ಬೇಕಾಗಿದ್ದದ್ದು ಗಾಜಿನ ಹಾಳೆಗಳ ನಡುವೆ ಇಡುವ ಬರಿಯ ಚಪ್ಪಟೆ ರಟ್ಟು. ಡಬ್ಬಗಳನ್ನು ಕಂಡು ನಕ್ಕು, ಬೇರೆ ಕಡೆಗೆ ಹೋದ. ಡಬ್ಬಗಳು ಮನೆಯಲ್ಲೇ ಉಳಿದವು. ಈರುಳ್ಳಿ ಡಬ್ಬದಲ್ಲಿ, ಸೂಜಿದಾರ ಡಬ್ಬದಲ್ಲಿ, ಚಪ್ಪಲಿ ಡಬ್ಬದಲ್ಲಿ, ಬೆಕ್ಕು ಮರಿ ಹಾಕಿದರೆ ಮರಿಗೊಂದೊಂದು ಡಬ್ಬ. ಮದುವೆಯಾಗಿ ಬಂದ ಹೊಸತರಲ್ಲಿ ಅಳತೆಯಕ್ಕನಿಗೆ ಬಟ್ಟೆ ಇಟ್ಟುಕೊಳ್ಳಲು ಸಿಕ್ಕಿದ್ದೂ ಅದೇ. ಮೊದಲ ದಿನವೇ ಮಾವನವರು ಒಂದು ಡಬ್ಬವನ್ನು ಮುಂದಿಟ್ಟು ಹೇಳಿದ್ದರು: “ನೋಡಮ್ಮ, ಖಾಲಿ ಬಿಟ್ಟಿದ್ದು ಅಂದ್ರೆ ಇಲ್ಲ. ತಿಳ್ಕೊಳ್ಳೋಕೆ ಹೋಗ್ಬೇಡ. ತಿಳ್ಕೊಂಡಿದ್ದಕ್ಕೇ ಇವೆಲ್ಲ ಇಲ್ಲಿ ಕೂತಿರೋದು.”

ಅಂದಿನಿಂದ ಖಾಲಿ ಎಂದರೆ ಇಲ್ಲ. ಅದು ಅವಳ ತಲೆಯಲ್ಲಿದ್ದ ಪಾಠವಲ್ಲ, ಬೆರಳಿನಲ್ಲಿದ್ದ ಪಾಠ. ಖಾಲಿ ಜಾಗ ಕಂಡರೆ ಕೈ ತಾನಾಗಿ ದಾಟಿಕೊಂಡು ಹೋಗುತ್ತಿತ್ತು.

ಮೇಷ್ಟ್ರು ಅದೇ ಸಂಜೆ ಬೋರ್ಡಿನ ಮೇಲೆ ಬರೀ 7 ಎಂದು ಬರೆದರು.

“ಇದರ ಡಿಗ್ರಿ?”

“ಅಕ್ಷರವೇ ಇಲ್ಲವಲ್ಲ.”

“ಅದಕ್ಕೇ ಸೊನ್ನೆ.”

ಅಳತೆಯಕ್ಕ ಬೆಂಚಿನಿಂದ ಅರ್ಧ ಎದ್ದಳು. “ಇದೇನು ಮೇಷ್ಟ್ರೇ! ಇಲ್ಲಿ ಖಾಲಿ ಅಂದ್ರೆ ಸೊನ್ನೆ, ಅಲ್ಲಿ ಖಾಲಿ ಅಂದ್ರೆ ಒಂದು. ಒಂದೇ ಮನೇಲಿ ಎರಡು ನ್ಯಾಯಾನಾ?”

ತರಗತಿ ಗೊಳ್ಳೆಂದು ನಕ್ಕಿತು. ಪಕ್ಕದಲ್ಲಿ ತೂಕಡಿಸುತ್ತಿದ್ದ ಗಡಿಯಾರ ರಿಪೇರಿಯ ಮುದುಕರು ಬೆಚ್ಚಿ ಎದ್ದು, “ನಂಗೂ ಅದೇ ಅನುಮಾನ,” ಅಂದರು, ಅನುಮಾನ ಏನೆಂದು ಗೊತ್ತಿಲ್ಲದಿದ್ದರೂ.

ಮೇಷ್ಟ್ರೂ ನಕ್ಕರು. “ವೈ ಅಂದ್ರೂ ಒಂದೇ, ವೈ ಘಾತ ಒಂದು ಅಂದ್ರೂ ಒಂದೇ ಅಮ್ಮ. ಆ ಒಂದನ್ನ ಬರೆಯಲ್ಲ, ಅಷ್ಟೇ. ನಿಯಮ ಅಂತ ನೆನಪಿಟ್ಕೊಂಡ್ಬಿಡಿ, ಪರೀಕ್ಷೇಲಿ ಅಂಕ ಬರುತ್ತೆ.”

ಬರುತ್ತಿತ್ತೇನೋ. ಆದರೆ ಮೊದಲ ಬೆಂಚಿನವರಿಗೆ ಅಂಕ ಬೇಕಿಲ್ಲ, ಅದು ಅಳತೆಯಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಡೀ ದಿನ ಬೆವರು ಸುರಿಸಿ ಬಂದು ಕೂತವರು ‘ಯಾಕೆ’ ಎಂದು ಕೇಳುತ್ತಾರೆ. ಕೇಳಿದಾಗ ‘ಹಾಗೇ ನೆನಪಿಟ್ಟುಕೊಳ್ಳಿ’ ಎಂದರೆ ಮಾರನೆಯ ದಿನ ಮೆಟ್ಟಿಲು ಹತ್ತುವುದಿಲ್ಲ. ಅಂಥವರ ಎದುರು ತಾನೇ ಎಡವಿ ನಿಂತರೆ? ಟೀಚರಮ್ಮ ಹೇಳಿದ ಹೆಸರು ಹಾಳಾಗದೆ? ಈ ಒಂದು ಗಂಟು ಬಿಚ್ಚಲಿ, ಆಮೇಲೆ ಬರೆಯೋಣ ಎಂದು ಅವಳು ಕಾಗದವನ್ನು ಮುಂದೂಡಿದಳು. ‘ಪೂಜ್ಯ ಟೀಚರಮ್ಮನವರಿಗೆ ನಮಸ್ಕಾರಗಳು’ ಎಂದು ಶುರು ಮಾಡುವುದು, ಅಲ್ಲಿಗೇ ನಿಲ್ಲಿಸುವುದು. ಹಾಗೆ ನಿಂತ ಹಾಳೆಗಳನ್ನು ಗೋಂದಮ್ಮ ಗೋಂದಿನ ಹದ ನೋಡಲು ಬಳಸುತ್ತಿದ್ದಳು.

“ಎಲ್ಲ ಹಾಳೇಲೂ ಬರೀ ನಮಸ್ಕಾರ ಅಂತೀರಿ,” ಅನ್ನುತ್ತಿದ್ದಳು. “ಪಾಪ, ಟೀಚರಮ್ಮಂಗೆ ಒಂದೂ ಮುಟ್ಟಲಿಲ್ಲ. ಎಲ್ಲ ನಮಸ್ಕಾರ ನನ್ನ ಗೋಂದಿಗೇ.”

ಗೆರೆ ಸೊಟ್ಟಗಾದ ದಿನವೇ ಮಧ್ಯಾಹ್ನ ಅಂಚೆಯವನು ಬಾಗಿಲಲ್ಲಿ ಗಂಟೆ ಬಾರಿಸಿ ಒಂದು ಕಾರ್ಡು ಕೊಟ್ಟುಹೋದ. ಟೀಚರಮ್ಮನ ಕೈಬರಹ. ಮೊದಲಿನಷ್ಟು ದುಂಡಗಿಲ್ಲ, ಆದರೆ ಸಾಲು ಮಾತ್ರ ಇನ್ನೂ ನೆಟ್ಟಗೆ.

“ಏನಂತೆ? ಜೋರಾಗಿ ಓದಿ,” ಅಂದಳು ಗೋಂದಮ್ಮ. ಅವಳಿಗೆ ಅಂಕಿ ಬಂದರೆ ಸಾಕು, ಅಕ್ಷರದ ಸಹವಾಸ ಬೇಡ. ಎಷ್ಟು ಕರೆದರೂ ಸಂಜೆ ಶಾಲೆಯ ಕಡೆ ತಲೆ ಹಾಕಿದವಳಲ್ಲ.

ಅಳತೆಯಕ್ಕ ಓದಿದಳು. “ನಿನ್ನಿಂದ ಉತ್ತರ ಬರಲಿಲ್ಲ. ಈ ವಾರದ ಕೊನೆಗೆ ಸಮಿತಿ ಸೇರುತ್ತದೆ. ಅಷ್ಟರಲ್ಲೂ ಬಾರದಿದ್ದರೆ ನಿನಗೆ ಇಷ್ಟವಿಲ್ಲವೆಂದು ತಿಳಿದು ಬೇರೆಯವರ ಹೆಸರು ಹೇಳುತ್ತೇನೆ. ಬೇಜಾರಿಲ್ಲ. ಮಂಡಿ ಹಾಗೇ ಇದೆ.”

ಓದಿ ಮುಗಿಸಿದವಳ ಮುಖ ಸಪ್ಪೆಯಾಯಿತು.

“ನಾಳೆ ಬೆಳಿಗ್ಗೆ ಅಂಚೆ ಚೀಲಕ್ಕೆ ಬಿದ್ರೆ ಮಾತ್ರ ಸಮಯಕ್ಕೆ ಮುಟ್ಟುತ್ತೆ,” ಗೋಂದಮ್ಮ ಬೆರಳು ಮಡಚಿ ಹೇಳಿದಳು. “ಈಗಲೇ ಬರೀರಿ. ‘ಹೂಂ’. ಒಂದೇ ಅಕ್ಷರ. ಅಡ್ರೆಸ್ಸೇ ಅದಕ್ಕಿಂತ ಉದ್ದ.”

“ಬರೀಬೋದು. ಅಲ್ಲಿ ಹೋಗಿ ನಿಂತ ಮೇಲೆ ಯಾರಾದ್ರೂ ಕೇಳಿದ್ರೆ?”

“ಅದೇನು ಅಂಥಾ ಬ್ರಹ್ಮವಿದ್ಯೆ ಅದು? ಏಕ... ಪದ... ಅಯ್ಯಪ್ಪ, ಹೇಳೋಕೇ ಉಸಿರು ಕಟ್ಟುತ್ತೆ. ಅದಕ್ಕೆ ಡಿಗ್ರಿ ಬೇರೆ. ಜ್ವರ ಏನಾದ್ರೂ ಬಂದಿದೆಯಾ ಅದಕ್ಕೆ?”

“ನಗಿಸ್ಬೇಡ ಕಣೇ, ನನ್ನ ಸಂಕಟ ನಂಗೆ.”

ಗೋಂದಮ್ಮ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಯಂತ್ರದ ಸದ್ದು ನಿಂತು ಅಳತೆಯಕ್ಕನ ಗಂಡನ ದನಿ ಕೇಳಿತು. ಚಪ್ಪಲಿ ಅಂಗಡಿಯವನು ನಲವತ್ತು ಡಬ್ಬ ಅವಸರಕ್ಕೆ ಬೇಕೆಂದು ಹೇಳಿಕಳಿಸಿದ್ದಾನೆ, ಕೂಡಲೇ ಕೈ ಹಚ್ಚಿ ಎಂದು. ಅಳತೆಯಕ್ಕ ಕಾರ್ಡನ್ನು ಮಡಿಲಿಗೆ ಹಾಕಿಕೊಂಡು ಪೆನ್ಸಿಲ್ ತೆಗೆದುಕೊಂಡಳು.

ಗಿರಾಕಿಯ ಅಚ್ಚಿನ ಚೀಟಿ ಒಂದಾದರೆ, ಗೋಂದಮ್ಮನಿಗೆಂದೇ ಅಳತೆಯಕ್ಕ ಬರೆಯುವ ಚೀಟಿ ಇನ್ನೊಂದು. ಅದರಲ್ಲಿ ಅಕ್ಷರವಿಲ್ಲ, ಚಿತ್ರ. ಗೋಂದು ಬಳಿಯಬೇಕಾದರೆ ಕುಂಚದ ಚಿತ್ರ. ಮೇಲೆ ಬಣ್ಣದ ಕಾಗದ ಅಂಟಿಸಬೇಕಾದರೆ ಹಾಳೆಯ ಚಿತ್ರ. ಒಣಗುವ ತನಕ ಭಾರ ಹೇರಬೇಕಾದರೆ ಕಲ್ಲಿನ ಚಿತ್ರ. ಎರಡು ಸಲ ಬಳಿಯಬೇಕಾದರೆ ಕುಂಚದ ಹೆಗಲ ಮೇಲೆ ಪುಟ್ಟದಾಗಿ ಒಂದು ೨. ದೊಡ್ಡದಾಗಿ ಬರೆದರೆ ಎಷ್ಟು ಡಬ್ಬ ಎಂಬ ಅಂಕಿಯ ಜೊತೆ ಗೋಜಲಾಗುತ್ತದೆ, ಅದಕ್ಕೆ ಪುಟ್ಟದು. ಗೋಂದಮ್ಮ ಮೇಜಿಗೆ ಬಂದ ಮೊದಲ ವರ್ಷದಿಂದ ನಡೆದುಬಂದ ಪದ್ಧತಿ. ಯಾರೂ ಅದರ ಬಗ್ಗೆ ಯೋಚಿಸಿದ್ದಿಲ್ಲ, ಉಸಿರಾಟದ ಬಗ್ಗೆ ಯಾರು ಯೋಚಿಸುತ್ತಾರೆ?

ಅಳತೆಯಕ್ಕ ಬರೆದಳು: ಮುಂದೆ ದೊಡ್ಡದಾಗಿ ೪೦. ಆಮೇಲೆ ಕುಂಚ, ಅದರ ಹೆಗಲಿಗೆ ೨. ಪಕ್ಕದಲ್ಲಿ ಹಾಳೆ. ಅದರ ಪಕ್ಕದಲ್ಲಿ ಕಲ್ಲು. ಮೇಜಿನಾಚೆಗೆ ತಳ್ಳಿದಳು.

“ಒಂದು ಡಬ್ಬಕ್ಕೆ ಎಷ್ಟು ಕೈ?” ಒಳಗಿನಿಂದ ಗಂಡ ಕೂಗಿದ. ಒಂದು ಡಬ್ಬದ ಮೇಲೆ ಎಷ್ಟು ಸಲ ಕೈಯಾಡಬೇಕು ಎನ್ನುವುದನ್ನು ಅವರು ಹಾಗೆ ಕೇಳುತ್ತಿದ್ದರು. ಎರಡು ಕೈಯ ಡಬ್ಬವಾದರೆ ಸಂಜೆಗೇ ಗಾಡಿ ಹತ್ತೀತು, ಐದು ಕೈಯದಾದರೆ ನಾಳೆಯ ಮಾತು.

“ನಾಲ್ಕು!” ಎಂದು ಅಳತೆಯಕ್ಕ ಚೀಟಿಯತ್ತ ನೋಡದೆಯೇ ಕೂಗಿದಳು.

“ನಾಲ್ಕಾ?”

“ನಾಲ್ಕು ಅಂದ್ನಲ್ಲ! ಗೋಂದು ಎರಡು, ಕಾಗದ ಒಂದು, ಕಲ್ಲು ಒಂ...”

ಮಾತು ಬಾಯಲ್ಲೇ ನಿಂತಿತು. ಬಾಯಿ ಮುಚ್ಚಲೂ ಮರೆತಳು.

“ಏನಾಯ್ತು? ಹಲ್ಲು ನೋವಾ?” ಗೋಂದಮ್ಮ ಗಾಬರಿಯಾದಳು.

“ಆ ಚೀಟಿ ಕೊಡು ಇಲ್ಲಿ.”

“ಈಗಷ್ಟೇ ಕೊಟ್ರಿ.”

“ಕೊಡು ಅಂದ್ರೆ!”

ಕಿತ್ತುಕೊಂಡು ನೋಡಿದಳು. ಹಾಳೆಯ ಹೆಗಲು ಖಾಲಿ. ಕಲ್ಲಿನ ಹೆಗಲು ಖಾಲಿ. ತನ್ನದೇ ಕೈ, ತನ್ನದೇ ಪೆನ್ಸಿಲ್. ಖಾಲಿ ಎಂದರೆ ಇಲ್ಲ ಎಂದು ಇಷ್ಟು ವರ್ಷ ಜಪ ಮಾಡಿಕೊಂಡು ಬಂದವಳು ದಿನಕ್ಕೆ ಹತ್ತು ಸಲ ಖಾಲಿ ಹೆಗಲನ್ನು ಒಂದು ಎಂದು ಎಣಿಸುತ್ತಿದ್ದಳು!

“ಗೋಂದಮ್ಮ, ಇಲ್ಲಿ ನೋಡು. ಈ ಹಾಳೆ ಮೇಲೆ ಅಂಕಿ ಇಲ್ಲ ಅಲ್ವಾ?”

“ಇಲ್ಲ.”

“ಮತ್ತೆ ಎಷ್ಟು ಸಲ ಅಂಟಿಸ್ತೀಯ?”

“ಒಂದು ಸಲ. ಇದೇನು ಪ್ರಶ್ನೆ?”

“ಯಾಕೆ ಒಂದು? ಅಂಕಿ ಇಲ್ಲವಲ್ಲ?”

ಗೋಂದಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಹಾಳೆ ಬರೆದಿದ್ದೀರಲ್ಲ ಅಕ್ಕ. ಅಂಟಿಸೋದು ಬೇಡ ಅಂದ್ರೆ ಯಾಕೆ ಬರೀತಿದ್ರಿ, ಚೆಂದಕ್ಕಾ?”

“ಬೇಡ ಅಂದ್ರೆ ಏನು ಮಾಡ್ತಿದ್ದೆ ನಾನು?”

“ಬರೀತಾನೇ ಇರಲಿಲ್ಲ.”

ಅಳತೆಯಕ್ಕ ಸ್ಟೂಲಿನ ಮೇಲೆ ಧೊಪ್ಪನೆ ಕೂತಳು. ಎರಡು ನ್ಯಾಯ ಎಲ್ಲಿಂದ ಬಂತು? ಒಂದೇ ನ್ಯಾಯ! ಚಿತ್ರವೇ ಇಲ್ಲದಿದ್ದರೆ ಆ ಕೆಲಸ ಇಲ್ಲ. ಚಿತ್ರ ಇದ್ದು ಅಂಕಿ ಇಲ್ಲದಿದ್ದರೆ ಆ ಕೆಲಸ ಒಂದು ಸಲ. ವಸ್ತು ಇಲ್ಲದಿರುವುದು ಬೇರೆ, ವಸ್ತುವಿನ ಹೆಗಲ ಮೇಲೆ ಅಂಕಿ ಇಲ್ಲದಿರುವುದು ಬೇರೆ. ಮಾವನವರ ಕಾಲದ ಆ ಚೀಟಿಯಲ್ಲಿ ಚೌಕ ಅಚ್ಚಿನದು, ಗಿರಾಕಿ ಎತ್ತರವೆಂದು ಏನೂ ಬರೆದಿರಲಿಲ್ಲ, ಅದಕ್ಕೆ ಅದು ಇಲ್ಲ. ಬೋರ್ಡಿನ ಮೇಲಿನ ವೈ ಕಣ್ಣೆದುರಿಗೇ ಕೂತಿತ್ತು. ಕೂತಿದ್ದ ಮೇಲೆ ಒಂದು ಸಲವಾದರೂ ಇದ್ದೇ ಇದೆ. ಮಾವನವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವಳೇ ಅವರ ಮಾತನ್ನು ಬೇಡದ ಕಡೆಗೂ ಎಳೆದುಕೊಂಡು ಹೋಗಿದ್ದಳು.

“ಎದ್ದೇಳಿ ಅಕ್ಕ, ನಲವತ್ತು ಡಬ್ಬ!”

“ತಡಿ. ಬರೀ ನಲವತ್ತು ಅಂತ ಬರೆದು ಚಿತ್ರ ಏನೂ ಹಾಕದೆ ಕೊಟ್ರೆ ಎಷ್ಟು ಕೈ?”

“ಅದು ರಟ್ಟನ್ನ ಹಾಗೇ ಕಟ್ಟಿ ಕಳ್ಸೋದು. ನನ್ನ ಕೈ ಯಾಕೆ ಬೇಕು? ಸೊನ್ನೆ.”

“ಸೊನ್ನೆ!” ಅಳತೆಯಕ್ಕ ಮೇಜು ಬಡಿದಳು. ಗೋಂದಿನ ಬಟ್ಟಲು ಹಾರಿತು. “ಏಳಕ್ಕೆ ಸೊನ್ನೆ, ನಲವತ್ತಕ್ಕೆ ಸೊನ್ನೆ! ನಲವತ್ತಿದ್ರೂ ನಾಲ್ಕು ಕೈ, ನಾನೂರಿದ್ರೂ ನಾಲ್ಕು ಕೈ!”

“ನಾನೂರಾ? ಯಾವನು ಹೇಳಿದ್ದು ನಾನೂರು?” ಒಳಗಿನಿಂದ ಗಂಡ ಹೊರಗೆ ಓಡಿಬಂದ.

“ಯಾರೂ ಹೇಳಿಲ್ಲ ಭಾವ, ನೀವು ಒಳಗೆ ಹೋಗಿ,” ಅಂದಳು ಗೋಂದಮ್ಮ. “ಅಕ್ಕನಿಗೆ ಪಾಠ ಬಂದಿದೆ. ನಾನು ನೋಡ್ಕೋತೀನಿ.”

ಭಾವ ಒಂದು ಗಳಿಗೆ ಇಬ್ಬರನ್ನೂ ನೋಡಿ, ಅಪಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದ. ಗೋಂದಮ್ಮ ಕುಂಚ ಹಿಂಡುತ್ತ ಕೇಳಿದಳು:

“ಸರಿ, ನಾನೊಂದು ಕೇಳ್ತೀನಿ, ಹೇಳಿ ನೋಡೋಣ. ಗಿರಾಕಿ ಬಂದು ‘ಕುಂಚ ಬೇಕು, ಹಾಳೆ ಬೇಕು, ಆದ್ರೆ ಡಬ್ಬ ಸೊನ್ನೆ’ ಅಂದ. ಆಗ ಎಷ್ಟು ಕೈ?”

ಅಳತೆಯಕ್ಕ ಚೀಟಿಯನ್ನು ಮೇಜಿನ ಮೇಲೆ ಹರಡಿದಳು. ಸೊನ್ನೆಯ ವಿಷಯ ಪುಸ್ತಕದಲ್ಲೂ ಇತ್ತು. ‘ಸೊನ್ನೆಗೆ ಡಿಗ್ರಿಯನ್ನು ಹೇಳಲಾಗುವುದಿಲ್ಲ’ ಎಂಬ ಆ ಸಾಲನ್ನು ಅವಳು ಎಂದೋ ಕಣ್ಣು ಮುಚ್ಚಿಕೊಂಡು ದಾಟಿಬಿಟ್ಟಿದ್ದಳು.

“ಡಬ್ಬಾನೇ ಇಲ್ಲ ಅಂದ ಮೇಲೆ,” ಅಂದಳು ನಿಧಾನವಾಗಿ, “ಒಂದು ಡಬ್ಬಕ್ಕೆ ಎಷ್ಟು ಕೈ ಅಂತ ಯಾವ ಡಬ್ಬ ಹಿಡ್ಕೊಂಡು ಕೇಳ್ತೀಯ? ನಾಲ್ಕು ಅನ್ನು, ನಲವತ್ತು ಅನ್ನು, ತಪ್ಪು ಅಂತ ತೋರ್ಸೋಕೆ ಡಬ್ಬ ಎಲ್ಲಿದೆ? ಅದಕ್ಕೆ ಉತ್ತರಾನೇ ಇಲ್ಲ.”

“ಬುದ್ಧಿವಂತರಾಗ್ಬಿಟ್ರಿ,” ಅಂದಳು ಗೋಂದಮ್ಮ. “ಈಗ ಕೆಲಸ ಮಾಡೋಣ್ವಾ?”

ಆ ಸಂಜೆ ಅಳತೆಯಕ್ಕ ಶಾಲೆಯ ಮೆಟ್ಟಿಲನ್ನು ಹುಡುಗಿಯ ಹಾಗೆ ಹತ್ತಿದಳು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಗಡಿಯಾರದ ಮುದುಕರು ತಮ್ಮ ಪುಸ್ತಕವನ್ನು ದೂರಕ್ಕೆ ಹಿಡಿದು ದಿಟ್ಟಿಸುತ್ತಿದ್ದರು. ಅದರಲ್ಲಿ 3ab²c³ ಎಂದಿತ್ತು. ಅವರು ಪಕ್ಕದಲ್ಲಿ ೫ ಎಂದು ಬರೆದುಕೊಂಡಿದ್ದರು.

“ಐದಲ್ಲ ಅಂತಾರೆ ಮೇಷ್ಟ್ರು,” ಮುದುಕರು ಗೊಣಗಿದರು. “ಎರಡು, ಮೂರು, ಐದು. ಇನ್ನೇನಿದೆ ಇಲ್ಲಿ?”

ಅಳತೆಯಕ್ಕ ಅವರ ಪಕ್ಕ ಕೂತು ಅಂಚಿನಲ್ಲಿ ಒಂದು ಕುಂಚ, ಒಂದು ಹಾಳೆ, ಒಂದು ಕಲ್ಲು ಬರೆದಳು. ಹಾಳೆಗೆ ೨ ಹಾಕಿದಳು, ಕಲ್ಲಿಗೆ ೩ ಹಾಕಿದಳು, ಕುಂಚಕ್ಕೆ ಏನೂ ಹಾಕಲಿಲ್ಲ.

“ಅಣ್ಣಾವ್ರೇ, ಇದು ನನ್ನ ಓರಗಿತ್ತಿಗೆ ಕೊಡೋ ಚೀಟಿ ಅಂದ್ಕೊಳ್ಳಿ. ಗೋಂದು ಬಳೀಬೇಕಾ ಬೇಡ್ವಾ?”

“ಕುಂಚ ಬರೆದಿದೀಯಲ್ಲಮ್ಮ, ಬಳೀಬೇಕು.”

“ಎಷ್ಟು ಸಲ?”

“ಒಂದು ಸಲ.” ಮುದುಕರು ತಡೆದರು. ಕನ್ನಡಕವನ್ನು ಹಣೆಗೆ ಏರಿಸಿ, ಮತ್ತೆ ಇಳಿಸಿ, ಪುಸ್ತಕದ ಅಕ್ಷರವನ್ನೂ ಕುಂಚವನ್ನೂ ಬದಲಿಸಿ ಬದಲಿಸಿ ನೋಡಿದರು. “ಅಯ್ಯೋ, ಈ ಎ ಇಲ್ಲೇ ಕೂತಿದೆ ಕಳ್ಳ! ಆರು!”

“ಮುಂದಿರೋ ಮೂರು?”

“ಅದು ಎಷ್ಟು ಡಬ್ಬ ಅನ್ನೋದಲ್ವಾ? ಅದು ಬೇಡ.” ಅವರು ತೊಡೆ ತಟ್ಟಿಕೊಂಡರು. “ಇದನ್ನ ಮೊದಲೇ ಹೀಗೆ ಹೇಳೋಕೆ ಏನಾಗಿತ್ತು ಇವರಿಗೆಲ್ಲ?”

ಅವರ ನಗು ಕಂಡು ಅಳತೆಯಕ್ಕನ ಕಣ್ಣು ತುಂಬಿ ಬಂತು. ಇದೇ ತನಗೆ ಬೇಕಾಗಿದ್ದದ್ದು. ಇನ್ನೇನು, ಹೋಗಿ ಕಾಗದ ಬರೆಯುವುದೊಂದೇ ಬಾಕಿ, ಗಂಟು ಬಿಚ್ಚಿತಲ್ಲ ಎಂದುಕೊಳ್ಳುವಷ್ಟರಲ್ಲಿ ಮೇಷ್ಟ್ರು ಬಂದರು, ಬೋರ್ಡು ಒರೆಸಿದರು, ಎರಡು ಪದ ಬರೆದು ನಡುವೆ ಒಂದು ಕೂಡುವ ಗುರುತು ಹಾಕಿದರು.

“ಇನ್ನು ಬಹುಪದೋಕ್ತಿ. ಇಲ್ಲಿ ಎರಡೂ ಪದಗಳ ಡಿಗ್ರಿಯನ್ನ ಕೂಡೋ ಹಾಗಿಲ್ಲ. ಯಾವುದು ದೊಡ್ಡದೋ ಅದನ್ನ ಮಾತ್ರ ತಗೋಬೇಕು.”

“ಯಾಕೆ?” ಎಂದು ಅಳತೆಯಕ್ಕನ ಬಾಯಿಂದ ತಾನಾಗಿ ಹೊರಟಿತು.

“ಅದನ್ನೇ ಮುಂದಿನ ವಾರ ನೋಡೋಣಮ್ಮ.”

ಒಂದು ಗಂಟು ಬಿಚ್ಚಿದ ಸಂಜೆಯೇ ಇನ್ನೊಂದು ಗಂಟು. ಇದು ಬಿಚ್ಚಿದ ಮೇಲೆ ಮತ್ತೊಂದು ಇರುತ್ತದೆ. ಎಲ್ಲ ಬಿಚ್ಚಲಿ ಎಂದು ಕಾದರೆ ಟೀಚರಮ್ಮನಿಗೆ ಕಾಗದ ಬರೆಯುವುದು ಯಾವ ಕಾಲಕ್ಕೆ? ಮಧ್ಯಾಹ್ನದ ತನಕ ಈ ಯೋಚನೆಯೇ ಅವಳ ಜೀವ ಹಿಂಡಿಬಿಡುತ್ತಿತ್ತು. ಈಗ ನಗು ಬಂತು. ಪಕ್ಕದಲ್ಲಿ ಗಡಿಯಾರದವರು ತಮ್ಮ ಪುಸ್ತಕದ ಅಂಚಿನಲ್ಲಿ ಇನ್ನೊಂದು ಕುಂಚ ಬರೆಯಲು ಹೆಣಗುತ್ತಿದ್ದರು. ಅದು ಪೊರಕೆಯ ಹಾಗೆ ಬಂದಿತ್ತು.

ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ಊಟಕ್ಕೆ ಕೂರುವ ಮುಂಚೆಯೇ ಬರೆದಳು. ಈ ಸಲ ನಮಸ್ಕಾರದ ಹತ್ತಿರ ಪೆನ್ನು ನಿಲ್ಲಲಿಲ್ಲ.

“ಪೂಜ್ಯ ಟೀಚರಮ್ಮನವರಿಗೆ ನಮಸ್ಕಾರಗಳು. ನನ್ನ ಹೆಸರು ಹೇಳಿ. ಇಷ್ಟು ದಿನ ಬರೆಯದೆ ಇದ್ದುದು ಇಷ್ಟವಿಲ್ಲದೆ ಅಲ್ಲ, ಒಂದು ಪಾಠ ಬಾರದೆ. ಅದು ಇವತ್ತು ಬಂತು, ಅದರ ಮುಂದಿನದು ಇನ್ನೂ ಬಂದಿಲ್ಲ. ಮೊದಲ ಬೆಂಚಿನವರು ‘ಯಾಕೆ’ ಎಂದು ಕೇಳಿದಾಗ ನನಗೆ ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಅವರ ಜೊತೆ ಕೂತು ಹುಡುಕುತ್ತೇನೆ. ಹೀಗೆ ನಡೆಯುವುದಾದರೆ ನಾನು ಸಿದ್ಧ. ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ.”

ಬೆಳಿಗ್ಗೆ ಲಕೋಟೆಯ ಬಾಯಿಗೆ ಗೋಂದಮ್ಮ ತಾನೇ ಗೋಂದು ಬಳಿದಳು. ಬೇಡವೆಂದರೂ ಕೇಳದೆ ಎರಡು ಸಲ. “ಟೀಚರಮ್ಮ ಇದನ್ನ ಬಿಚ್ಚೋಕೆ ಸುತ್ತಿಗೆ ತರಬೇಕು,” ಎಂದು ಅಳತೆಯಕ್ಕ ರೇಗಿದಳು. ಇಬ್ಬರೂ ಗೋಂದು ಮೆತ್ತಿದ ಕೈಯಲ್ಲೇ ಅಂಚೆ ಕಚೇರಿಯ ಕಡೆ ಹೆಜ್ಜೆ ಹಾಕಿದರು. ದಾರಿಯುದ್ದಕ್ಕೂ ಗೋಂದಮ್ಮನ ಬಾಯಿಗೆ ಬಿಡುವಿರಲಿಲ್ಲ.

“ನೀವು ಟೀಚರಾದ ಮೇಲೆ ನನ್ನ ಅಲ್ಲಿಗೆ ಕರೀಬೇಡಿ ಮತ್ತೆ. ಹಗಲೆಲ್ಲ ಮೇಜಿನ ಹತ್ರ ನಿಮ್ಮ ಬೈಗುಳ ತಿನ್ನೋದೇ ಸಾಕು, ಸಂಜೇನೂ ತಿನ್ನೋಕೆ ನನ್ನಿಂದಾಗಲ್ಲ.”

“ಕರೆಯಲ್ಲ ಬಿಡು.”

“ಒಂದು ಸಲವೂ ಕರೆಯಲ್ವಾ?”

“ನೀನೇ ಬೇಡ ಅಂದ್ಯಲ್ಲ!”

“ಬೇಡ ಅಂದೆ. ಆದ್ರೂ ಕರೆಯೋದು ಮರ್ಯಾದೆ.”

ಅಂಚೆ ಕಚೇರಿಯ ಗೋಡೆಯ ಕೆಂಪು ಡಬ್ಬದ ಬಾಗಿಲು ತೆರೆದಿತ್ತು. ಅಂಚೆಯವನು ಒಳಗಿದ್ದುದನ್ನೆಲ್ಲ ಚೀಲಕ್ಕೆ ಬಾಚಿಕೊಂಡು ಬಾಯಿ ಕಟ್ಟುವುದರಲ್ಲಿದ್ದ. ಗೋಂದಮ್ಮ ಬೀದಿಯ ಆ ತುದಿಯಿಂದಲೇ “ಇರಪ್ಪಾ, ಇರು!” ಎಂದು ಕೂಗಿದ ಕೂಗಿಗೆ ಅವನಷ್ಟೇ ಅಲ್ಲ, ಇಡೀ ಬೀದಿಯೇ ನಿಂತಿತು. ಅಳತೆಯಕ್ಕ ಏದುಸಿರು ಬಿಡುತ್ತ ಹೋಗಿ ಲಕೋಟೆ ಚಾಚಿದಳು. ಅವನು ತೆಗೆದುಕೊಳ್ಳಲು ಹೋದರೆ ಅದು ಅವಳ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

“ಕೊಡೋ ಮನಸ್ಸಿದೆಯೋ ಇಲ್ವೋ ಅಮ್ಮ?” ಅಂದ ಅವನು.

“ಇದೆ, ಇದೆ. ಎಳೆಯಪ್ಪ.”

ಅವನು ಎಳೆದುಕೊಂಡ, ವಿಳಾಸವನ್ನೊಮ್ಮೆ ಓದಿದ, ಚೀಲದೊಳಕ್ಕೆ ಹಾಕಿ ಹಗ್ಗ ಬಿಗಿದ. ಚೀಲ ಸೈಕಲ್ಲಿನ ಹಿಂದೆ ಕೂತು ಬೀದಿಯ ತಿರುವಿನಲ್ಲಿ ಮರೆಯಾಗುವ ತನಕ ಅಳತೆಯಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತ ನಿಂತಳು.